ಗೋಳಿ ಹಾಕಿ ಇಡ್ರಿ

ಆಮ್ರಪಾಲಿಯ ಕೆಲಸ ಕೆಡಿಸುವುದು. ಹುಮನಾಬಾದಿನ ಕೈಗಾರಿಕಾ ಪ್ರದೇಶದ ಕೊನೆಯ ಸಾಲಿನಲ್ಲಿರುವ ಆ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಉಳಿದವರೆಲ್ಲ ಏನಾದರೊಂದನ್ನು ಮಾಡುತ್ತಾರೆ. ಅವರು ಮಾಡಿದ್ದನ್ನು ಆಕೆ ಎತ್ತರದಿಂದ ಬೀಳಿಸುತ್ತಾಳೆ, ಬಿಸಿಲಿಗೆ ಒಡ್ಡುತ್ತಾಳೆ, ಮಂಜುಗಡ್ಡೆಯಲ್ಲಿ ಹೂಳುತ್ತಾಳೆ, ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟು ಕಾಯುತ್ತಾಳೆ. ಮೊದಲು ಅಲ್ಲಿ ಬಕೆಟ್ಟು ಮತ್ತು ಹನಿ ನೀರಾವರಿಯ ಪೈಪಿನ ತುಣುಕುಗಳು ತಯಾರಾಗುತ್ತಿದ್ದವು. ಈಗ ರೈಫಲ್ಲಿನ ಮ್ಯಾಗಝಿನ್.

ಮ್ಯಾಗಝಿನ್ ಎಂದರೆ ಗುಂಡು ತುಂಬಿ ರೈಫಲ್ಲಿನ ಹೊಟ್ಟೆಗೆ ಸಿಕ್ಕಿಸುವ ಬಾಗಿದ ಡಬ್ಬಿ. ಆಮ್ರಪಾಲಿಯ ತಾಯಿ ಮುಕ್ತಾಬಾಯಿ ಮಾತ್ರ ಮಗಳು ಯಾವುದೋ ವಾರಪತ್ರಿಕೆಯಲ್ಲಿದ್ದಾಳೆ ಎಂದೇ ಬಹಳ ದಿನ ತಿಳಿದಿದ್ದಳು. ಬಸವಕಲ್ಯಾಣದ ಅವರ ಓಣಿಯ ಹೆಂಗಸೊಬ್ಬಳು ಬಂದು, "ನಿಮ್ಮ ಮ್ಯಾಗಝಿನ್‌ದಾಗ ನಮ್ಮ ನಳಕ್ಕ ನೀರ ಬರವಲ್ದು ಅಂತ ಒಂದ ಸುದ್ದಿ ಹಾಕ್ಸು" ಎಂದು ಕೇಳಿಕೊಂಡಾಗಲೇ ವಿಷಯ ಬಯಲಾದದ್ದು. ಎಲ್ಲ ಕೇಳಿಸಿಕೊಂಡ ಮೇಲೆ ಮುಕ್ತಾಬಾಯಿ ಕೇಳಿದ್ದು ಒಂದೇ ಪ್ರಶ್ನೆ: "ಮುರಿಯೋದಕ್ಕೂ ಪಗಾರ ಕೊಡ್ತಾರಾ?"

ಕೊಡುತ್ತಾರೆ. ಏಕೆಂದರೆ ಈ ಡಬ್ಬಿ ತಗಡಿನದಲ್ಲ, ಕಪ್ಪು ಪ್ಲಾಸ್ಟಿಕ್ಕಿನದೂ ಅಲ್ಲ. ಹೊಗೆ ಹಿಡಿದ ಕಂದೀಲಿನ ಗಾಜಿನ ಬಣ್ಣ ಅದರದು. ಬೆಳಕಿಗೆ ಹಿಡಿದರೆ ಒಳಗಿನ ಗುಂಡುಗಳು ಒಂದರ ಮೇಲೊಂದು ಮಲಗಿರುವುದು ಮಸುಕಾಗಿ ಕಾಣುತ್ತದೆ. ಎಷ್ಟು ಉಳಿದಿವೆ ಎಂದು ಸಿಪಾಯಿ ಬಿಚ್ಚಿ ನೋಡಬೇಕಿಲ್ಲ. ಆದರೆ ಕಾಣಿಸುವುದು ಎಂದರೆ ಎಷ್ಟೋ ರಕ್ಷಣೆಗಳನ್ನು ಬಿಟ್ಟುಕೊಡುವುದು. ಕಪ್ಪು ಪುಡಿ ಬೆರೆಸಿದರೆ ಪ್ಲಾಸ್ಟಿಕ್ ಬಿಸಿಲನ್ನು ತಡೆದುಕೊಳ್ಳುತ್ತದೆ, ಆದರೆ ಒಳಗಿನದು ಕಾಣುವುದಿಲ್ಲ. ಗಾಜಿನ ನಾರು ಬೆರೆಸಿದರೆ ಗಟ್ಟಿಯಾಗುತ್ತದೆ, ಆಗಲೂ ಕಾಣುವುದಿಲ್ಲ. ಹಾಗಾಗಿ ಬರಿಯ ದಾಣಾ ಒಂದೇ ಎಲ್ಲವನ್ನೂ ತಾಳಿಕೊಳ್ಳಬೇಕು. ಪ್ಲಾಸ್ಟಿಕ್ಕಿನ ಕಾಳು ಜೋಳದಂತೆ ಚೀಲದಲ್ಲಿ ಬರುತ್ತದಲ್ಲ, ಅದಕ್ಕೆ ಅಲ್ಲಿ ದಾಣಾ ಎನ್ನುತ್ತಾರೆ.

ಆಮ್ರಪಾಲಿಯ ಕೋಣೆಯ ಗೋಡೆಯುದ್ದಕ್ಕೂ ಗಾಜಿನ ಬರಣಿಗಳಿದ್ದವು. ಪೆಟ್ರೋಲು, ಸೀಮೆಎಣ್ಣೆ, ಬಂದೂಕು ಒರೆಸುವ ಎಣ್ಣೆ, ಫಿನಾಯಿಲ್ಲು, ಬ್ಲೀಚಿಂಗ್ ಪುಡಿಯ ನೀರು, ಸೊಳ್ಳೆ ಕಚ್ಚದಿರಲೆಂದು ಮೈಗೆ ಹಚ್ಚಿಕೊಳ್ಳುವ ಔಷಧ, ಮತ್ತೆ ಉಪ್ಪು ಗಿಪ್ಪು ಕಲಸಿ ಮಾಡಿದ ಕೃತಕ ಬೆವರು. ಒಂದೊಂದರಲ್ಲೂ ಒಂದೊಂದು ಮ್ಯಾಗಝಿನ್ ಮುಳುಗಿರುತ್ತಿತ್ತು. ಮೋಲ್ಡಿಂಗ್ ಮಷೀನು ನಡೆಸುವ ಫಾಜಿಲ್ ಆ ಕಡೆ ಹಾಯುವಾಗೆಲ್ಲ ಕೆಣಕುತ್ತಿದ್ದ:

"ಮೇಡಂ, ಸುಳ್ಳ ಬೆವರ ಯಾಕ ಮಾಡಾಕತ್ತೀರಿ? ಹೇಳ್ರಿ, ನನ್ನ ಬನಿಯನ್ ಹಿಂಡಿ ಕೊಡ್ತೇನಿ. ಅಸಲಿ ಮಾಲ್."

ಮೊದಲು ತಂದ ದಾಣಾ ಸೊಳ್ಳೆ ಔಷಧದಲ್ಲಿ ಸೋತಿತ್ತು. ಬೆರಳಿಗೆ ಹಚ್ಚಿಕೊಂಡ ಔಷಧ ಡಬ್ಬಿಗೆ ತಾಗಿದಷ್ಟಕ್ಕೇ ಮೈ ಬಿಳಿಚಿಕೊಂಡು ಬಿರುಕು ಬಿಟ್ಟಿತ್ತು. ದಾಣಾ ಬದಲಾಯಿತು. ಹೊಸದು ಸಶಸ್ತ್ರ ಪಡೆಯ ಖರೀದಿದಾರರು ಕೊಟ್ಟ ಪಟ್ಟಿಯಲ್ಲಿದ್ದ ಎಲ್ಲವನ್ನೂ ಗೆದ್ದಿತು. ಉಳಿದದ್ದು ಒಂದೇ ಪರೀಕ್ಷೆ: ಗುಂಡು ತುಂಬಿ, ಪೆಟ್ಟಿಗೆಯಲ್ಲಿಟ್ಟು, ಸುಮ್ಮನೆ ಬಿಡುವುದು. ಬಡಿದರೆ ಮುರಿಯದ ವಸ್ತು ಎಷ್ಟೋ ಸಲ ಸುಮ್ಮನೆ ಇಟ್ಟಲ್ಲಿ ಮುರಿಯುತ್ತದೆ. ಒಳಗಿನ ಸ್ಪ್ರಿಂಗು ಗುಂಡುಗಳನ್ನು ಮೇಲಕ್ಕೆ ಒತ್ತುತ್ತಲೇ ಇರುತ್ತದೆ, ಮೇಲಿನ ಗುಂಡು ಡಬ್ಬಿಯ ಬಾಯಿಯ ಎರಡು ತುಟಿಗಳನ್ನು ಹಗಲೂ ರಾತ್ರಿ ನೂಕುತ್ತಿರುತ್ತದೆ. ತುಟಿ ಬಿಟ್ಟರೆ ಡಬ್ಬಿ ಕೆಲಸಕ್ಕಿಲ್ಲ.

ಯುಗಾದಿಯ ಮುಂಚೆ ಮದ್ದಿಲ್ಲದ ಡಮ್ಮಿ ಗುಂಡು ತುಂಬಿದ ಮ್ಯಾಗಝಿನ್‌ಗಳನ್ನು ಬಟ್ಟೆಯಲ್ಲಿ ಸುತ್ತಿ ಎರಡು ಟ್ರಂಕುಗಳಲ್ಲಿ ಜೋಡಿಸಿದ್ದರು. ಒಂದನ್ನು ಆಮ್ರಪಾಲಿಯೇ ಮುಚ್ಚಿ ಕೀಲಿ ಹಾಕಿದಳು. ಇನ್ನೊಂದನ್ನು ಮುಚ್ಚುವ ಹೊತ್ತಿಗೆ ಅವಳಿಗೆ ಯಾರದೋ ಕರೆ ಬಂತು. ಸ್ಟೋರು ನೋಡಿಕೊಳ್ಳುವ ಕಸ್ತೂರಿಬಾಯಿ ಅದನ್ನು ಮುಚ್ಚಿದರು. ಪಂಚಮಿಯ ಹಿಂದಿನ ವಾರ, ಜಿಟಿಜಿಟಿ ಮಳೆಯಲ್ಲಿ, ಎರಡನ್ನೂ ತೆರೆದರು.

ಮೊದಲ ಟ್ರಂಕಿನವು ಹಾಕಿದಂತೆಯೇ ಇದ್ದವು. ಎರಡನೆಯದರ ಮುಚ್ಚಳ ಎತ್ತಿದ್ದೇ ವಾಸನೆ ಮೂಗಿಗೆ ಬಡಿಯಿತು. ಮದುವೆಗೆ ತೆಗೆದ ಇಳಕಲ್ ಸೀರೆಯ, ಸತ್ತವರ ಕೋಟಿನ, ಎರವಲು ಕೊಟ್ಟ ಶಾಲಿನ ವಾಸನೆ. ಆಮ್ರಪಾಲಿ ಬಟ್ಟೆ ಬಿಚ್ಚಿದಳು. ಹೊಗೆ ಬಣ್ಣದ ಡಬ್ಬಿಗಳ ಮೇಲೆ ಮೋತಿಬಿಂದು ಬಂದ ಕಣ್ಣಿನಂತೆ ಬಿಳಿ ಪೊರೆ ಕಟ್ಟಿತ್ತು. ತುಟಿಗಳ ಬುಡದಲ್ಲಿ ಕೂದಲೆಳೆಯ ಬಿರುಕುಗಳು. ಬಟ್ಟೆಯ ಮಡಿಕೆಯಲ್ಲಿ, ಕರಗಿ ಕರಗಿ ಕಡಲೆ ಗಾತ್ರಕ್ಕೆ ಇಳಿದ ಬಿಳಿಯ ಉಂಡೆಗಳು.

ಮಾಲೀಕ ಓಂಪ್ರಕಾಶ ಆಗಲೇ ಹಿಂದೆ ಬಂದು ನಿಂತಿದ್ದರು.

"ಇದನ್ಯಾರ ಹಾಕಿದ್ರು?"

"ನಾನ ರೀ ಸಾವ್ಕಾರ್ರ" ಎಂದರು ಕಸ್ತೂರಿಬಾಯಿ. "ನೀವ ಹೇಳಿದ್ರಲ್ಲ."

"ನಾ ಏನ ಹೇಳಿದೆ?"

"ಬಾಗಲದಾಗ ನಿಂತು, ಫೋನ್ ಕಿವಿಗಿ ಹಿಡಕೊಂಡು, 'ಕಸ್ತೂರಿಬಾಯಿ, ಗೋಳಿ ಹಾಕಿ ಇಡ್ರಿ' ಅಂದ್ರಿ."

ಆ ಸೀಮೆಯಲ್ಲಿ ಗೋಳಿ ಎಂದರೆ ಬಂದೂಕಿನ ಗುಂಡು. ತಲೆನೋವಿಗೆ ನುಂಗುವ ಗುಳಿಗೆಯೂ ಗೋಳಿಯೇ. ಬಟ್ಟೆಗೆ ನುಸಿ ಹತ್ತದಿರಲೆಂದು ಪೆಟ್ಟಿಗೆಯಲ್ಲಿಡುವ ಡಾಂಬರ ಗೋಳಿಯನ್ನೂ ಬಾಯಿತುಂಬ ಗೋಳಿ ಎಂದೇ ಕರೆಯುತ್ತಾರೆ.

"ಬಂದೂಕಿನ ಗೋಳಿ ಅಂದಿದ್ದೆ ನಾ!"

"ಅವು ಮೊದಲ ಒಳಗ ಇದ್ದುವಲ್ರಿ? ಕಣ್ಣಿಗಿ ಕಾಣಾಕತ್ತಿದ್ದುವು. ಡಬ್ಬಿ ಕರೀದ ಇದ್ದಿದ್ರ ನಾ ಬಂದು ಕೇಳ್ತಿದ್ದೆ. ಒಳಗ ತುಂಬಿದ್ದು ಕಾಣಾಕತ್ತದ ಅಂದ ಮ್ಯಾಲ ಇನ್ಯಾವ ಗೋಳಿ ಉಳೀತು, ನೀವ ಹೇಳ್ರಿ. ಪೆಟಗಿ ಅದ, ಬಟ್ಟಿ ಅದ. ಗೋಳಿ ಇದ್ದಿದ್ದಿಲ್ಲ. ಹಾಕಿದೆ."

ಫಾಜಿಲ್ ಬಾಯಿಗೆ ಕೈ ಅಡ್ಡ ಹಿಡಿದು ಹೊರಗೆ ಓಡಿದ. ಮಷೀನುಗಳ ಹತ್ತಿರ ಅವನ ನಗೆ ಸಿಡಿಯಿತು, ಅದರ ಹಿಂದೆ ಉಳಿದವರದು. ಓಂಪ್ರಕಾಶರು ನಗಲಿಲ್ಲ. ಕಸ್ತೂರಿಬಾಯಿಯ ಮಾತಿನಲ್ಲಿ ಎಲ್ಲಿ ತಪ್ಪಿದೆ ಎಂದು ಅವರು ಹುಡುಕುತ್ತಿದ್ದಂತಿತ್ತು. ಸಿಗದಿದ್ದಕ್ಕೇ ಅವರ ಮುಖ ಇನ್ನಷ್ಟು ಕೆಂಪಾಯಿತು.

ಮಧ್ಯಾಹ್ನ ಆಮ್ರಪಾಲಿಯನ್ನು ತಮ್ಮ ಕೋಣೆಗೆ ಕರೆಸಿದರು.

"ನೋಡು ಆಮ್ರಪಾಲಿ. ಪಂಚಮಿ ಮುಗದ ಮ್ಯಾಲ ಖರೀದಿಯವರು ತಪಾಸಣಿಗಿ ಬರ್ತಾರ. ಒಂದನೇ ಪೆಟಗಿ ಛಲೋ ಅದ, ಅದನ್ನ ತೋರಸು. ಎರಡನೇದ್ರಾಗಿನ ಮಾಲ್ ಗ್ರೈಂಡರಿಗಿ ಹಾಕಿ ಪುಡಿ ಮಾಡ್ಸು."

"ಯಾಕ ಕೆಟ್ಟುವು ಅಂತ ನೋಡಬೇಕಲ್ರಿ ಸರ್?"

"ಯಾಕ ಅಂದ್ರ? ಆ ಹೆಂಗಸು ಡಾಂಬರ ಗೋಳಿ ಹಾಕ್ಯಾಳ, ಅದಕ್ಕ. ಅವರ ಪಟ್ಟಿಯಾಗ ಪೆಟ್ರೋಲ್ ಅದ, ಫಿನಾಯಿಲ್ ಅದ. ಡಾಂಬರ ಗೋಳಿ ಎಲ್ಲಿ ಅದ, ತೋರಸು. ನಾಳಿ ಯಾರರೆ ಉಪ್ಪಿನಕಾಯಾಗ ಅದ್ದಿ ಇಟ್ರ ಅದಕ್ಕೂ ನಾವ ಜವಾಬ್ದಾರ್ ಏನು?"

ಮೇಜಿನ ಮೇಲಿನ ಮ್ಯಾಗಝಿನ್ನನ್ನು ಎತ್ತಿ ತಿರುಗಿಸಿದರು. ಬಕೆಟ್ಟಿನ ಕಾಲದಲ್ಲಿ ಅವರ ಮೇಜಿನ ಮೇಲೆ ಯಾವ ಬಕೆಟ್ಟೂ ಇರುತ್ತಿರಲಿಲ್ಲ. ಬಂದ ನೆಂಟರಿಗೆಲ್ಲ ಈಗ ಇದನ್ನು ಬೆಳಕಿಗೆ ಹಿಡಿದು ತೋರಿಸುತ್ತಿದ್ದರು.

"ಮತ್ತ ಕಸ್ತೂರಿಬಾಯಿಗಿ ನಾಳಿಂದ ಬರಬ್ಯಾಡ ಅಂತ ಹೇಳಿಬಿಡು. ಇಡೀ ಕಾರ್ಖಾನಿ ನಗಾಕತ್ತದ, ಸುದ್ದಿ ಅವರ ಕಿವಿಗಿ ಬೀಳದ ಇರಲ್ಲ. ಕೇಳಿದ್ರ, ತಪ್ಪ ಮಾಡಿದವರನ್ನ ತಗದೀವಿ ಅಂತ ಹೇಳಾಕ ಬರಬೇಕು. ತಪ್ಪು ಯಾರದರೆ ಒಬ್ಬರದ ಇರಬೇಕಲ್ಲ? ಪ್ಲಾಸ್ಟಿಕ್‌ದ ಅಂದ್ರ ಆರ್ಡರ್ ಹೋಗ್ತದ."

ವಾಕ್ಯದ ಇನ್ನರ್ಧವನ್ನು ಅವರು ಹೇಳಲಿಲ್ಲ. ತಪ್ಪು ಹೆಂಗಸಿನದಾದರೆ ಹೆಂಗಸು ಹೋಗುತ್ತಾಳೆ, ಪ್ಲಾಸ್ಟಿಕ್ಕಿನದಾದರೆ ಆರ್ಡರು. ಎರಡರಲ್ಲಿ ಒಂದು. ಹೇಳಬೇಕಾದವಳು ತಾನು.

ಅವಳು ಹೇಳಲಿಲ್ಲ. ಸಂಜೆ ಬಸ್ ನಿಲ್ದಾಣದವರೆಗೆ ಇಬ್ಬರೂ ಒಂದೇ ಛತ್ರಿಯಲ್ಲಿ ನಡೆದರು. ಕಸ್ತೂರಿಬಾಯಿಗೆ ಚಿಟಗುಪ್ಪದ ಬಸ್ಸು, ಅಲ್ಲಿಂದ ಅವರ ಊರು ಬೇಮಳಖೇಡ. ಆಮ್ರಪಾಲಿಗೆ ಬಸವಕಲ್ಯಾಣದ್ದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಸ್ತೂರಿಬಾಯಿ ಊಟದ ಹೊತ್ತಿಗೆ ಬುತ್ತಿಯನ್ನು ಆಮ್ರಪಾಲಿಯಿಂದ ದೂರ, ಬೇರೆ ಕಿಟಕಿಯ ಹತ್ತಿರ ಬಿಚ್ಚುತ್ತಿದ್ದರು, ನೀರನ್ನೂ ಮನೆಯಿಂದ ತರುತ್ತಿದ್ದರು. ಆಮ್ರಪಾಲಿ ಅದನ್ನು ಕಂಡೂ ಕಾಣದಂತೆ ಇದ್ದಳು. ಒಂದು ದಿನ ಅವರೇ ಬಂದು, "ನಿಮ್ಮವ್ವ ಮಾಡಿದ ಶೇಂಗಾ ಹಿಂಡಿ ಭಾಳ ಘಮ್ ಅನ್ನಾಕತ್ತದಲ್ಲ, ಜರಾ ಹಾಕು" ಎಂದು ರೊಟ್ಟಿ ಮುಂದೆ ಹಿಡಿದಿದ್ದರು. ಅಂದಿನಿಂದ ಆಮ್ರಪಾಲಿಗೆ ಅವರು ಮೌಶಿ, ಅಂದರೆ ಚಿಕ್ಕಮ್ಮ.

ನಿಲ್ದಾಣದ ಕಟ್ಟೆಯ ಮೇಲೆ ಕೂತು ಕಸ್ತೂರಿಬಾಯಿ ಸೊಂಟದಿಂದ ಕೀಲಿಕೈ ಗೊಂಚಲು ಬಿಚ್ಚಿದರು.

"ಹಿಡಿ."

"ಯಾಕ ಮೌಶಿ?"

"ಸಾವ್ಕಾರ ನಿನಗ ಹೇಳಿದ್ದು ಫಾಜಿಲ್ ಕೇಳಿಸ್ಕೊಂಡಾನ, ನನಗ ಎಲ್ಲಾ ಹೇಳ್ಯಾನ. ನಿನಗ ಹೇಳಾಕ ತ್ರಾಸ, ನನಗ ಕೇಳಾಕ ತ್ರಾಸ. ಸುಮ್ನ ಹಿಡಿ, ಇಬ್ಬರದೂ ಮುಗೀತದ."

ಆಮ್ರಪಾಲಿ ಕೈ ಚಾಚಲಿಲ್ಲ.

"ಲಗ್ನ ಆಗಿ ಬಂದಾಗ ಮನಿ ಕೀಲಿ ಅತ್ತಿ ಸೊಂಟದಾಗಿತ್ತು" ಎಂದರು ಕಸ್ತೂರಿಬಾಯಿ, ಗೊಂಚಲನ್ನು ಮಡಿಲಲ್ಲಿ ಇಟ್ಟುಕೊಂಡು. "ಅತ್ತಿ ಶಿವನ ಪಾದ ಸೇರಿದ ಮ್ಯಾಲ ನನಗ ಬರ್ತದ ಅಂತ ಮಾಡಿದ್ದೆ. ಹಂಗ ಹಾರಿ ನನ್ನ ಸೊಸಿ ಸೊಂಟಕ್ಕ ಹೋತು. ನಡುವ ನಾ ಇದ್ದೆ ಅಂಬೋದು ಕೀಲಿಗಿ ಕಾಣಲಿಲ್ಲ ನೋಡು. ಈ ಸ್ಟೋರಿನ ಕೀಲಿ ಬಂದ ಮ್ಯಾಲ ಓಡ್ಯಾಡುವಾಗ ಸಪ್ಪಳ ಆಗ್ತಿತ್ತು. ಬಸ್ಸಿನ್ಯಾಗ ಮಂದಿ ತಿರುಗಿ ನೋಡ್ತಿದ್ರು."

"ನನಗ ಕೀಲಿ ಇಸ್ಕೋ ಅಂತ ಯಾರೂ ಹೇಳಿಲ್ಲ" ಎಂದಳು ಆಮ್ರಪಾಲಿ. ಅದು ನಿಜವೇ ಆಗಿತ್ತು. ಓಂಪ್ರಕಾಶರು ಕೀಲಿಯ ಮಾತೆತ್ತಿರಲಿಲ್ಲ. "ನಾಳಿ ಬರ್ರಿ."

"ಬಂದ್ರ ಬೈತಾನ."

"ಬೈದ್ರ ನನ್ನ ಬೈಲಿ. ನಿಮಗ ಹೇಳೋ ಕೆಲಸ ನನ್ನ ಪಾಲಿಗಿ ಬಂದದ. ನಾ ಇನ್ನಾ ಹೇಳಿಲ್ಲ."

ಕಸ್ತೂರಿಬಾಯಿ ಅವಳನ್ನೇ ನೋಡಿದರು. "ನೀ ಹುಚ್ಚಿ ಇದ್ದಿ ಅಮ್ರಾ" ಎನ್ನುತ್ತ ಗೊಂಚಲನ್ನು ಮತ್ತೆ ಸಿಕ್ಕಿಸಿಕೊಂಡರು. ಚಿಟಗುಪ್ಪದ ಬಸ್ಸು ಬಂತು.

ಬಸವಕಲ್ಯಾಣದ ಮನೆಯಲ್ಲೂ ಒಂದು ಟ್ರಂಕು ಬಾಯಿ ತೆರೆದಿತ್ತು. ಆಮ್ರಪಾಲಿಯ ತಮ್ಮ ಸಂಘರತ್ನ ಸಶಸ್ತ್ರ ಪಡೆಯೊಂದರಲ್ಲಿ ಸಿಪಾಯಿ. ರಜೆ ಮುಗಿದು ಮರುದಿನ ಹೊರಡುವವನಿದ್ದ. ಮುಕ್ತಾಬಾಯಿ ನೆಲದ ಮೇಲೆ ಕೂತು ಅವನ ಉಣ್ಣೆಯ ಜರ್ಸಿಗಳನ್ನು ಮಡಿಚಿ ಇಡುತ್ತಿದ್ದಳು. ಒಂದು ಜರ್ಸಿ, ಎರಡು ಡಾಂಬರ ಗೋಳಿ. ಮತ್ತೊಂದು ಜರ್ಸಿ, ಮತ್ತೆರಡು.

"ಅವ್ವಾ, ಸಾಕ ಮಾಡು. ಹೋದ ಸಲ ಟ್ರಂಕ್ ತಗದ್ರ ಬ್ಯಾರಕ್ಕಿನ ಮಂದಿ ಎಲ್ಲಾ ಎದ್ದು ಹೊರಗ ಹೋದ್ರು. ವೈರಿ ಗ್ಯಾಸ್ ಬಿಟ್ಟಾನ ಅಂತ ತಿಳಕೊಂಡ್ರು."

"ಹೋಗ್ಲಿ. ನಿನ್ನ ಜರ್ಸಿಗಿ ನುಸಿ ಬಿದ್ರ ಅವರು ಹೊಲದು ಕೊಡ್ತಾರೇನು?"

ಆಮ್ರಪಾಲಿ ಛತ್ರಿಯನ್ನು ಮೂಲೆಗಿಟ್ಟು ಆ ಟ್ರಂಕಿನ ಮುಂದೆ ಕೂತಳು. ಅದೇ ವಾಸನೆ. ಬೆಳಿಗ್ಗೆ ಕಾರ್ಖಾನೆಯಲ್ಲಿ ಅದು ತಪ್ಪಿನ ವಾಸನೆಯಾಗಿತ್ತು.

"ಸಂಘಾ, ಅಲ್ಲಿ ನೀವು ಮ್ಯಾಗಝಿನ್ ಎಲ್ಲಿ ಇಡ್ತೀರಿ?"

"ಕೋತ್‌ದಾಗ. ಅಂದ್ರ ಹತ್ಯಾರ ಇಡೋ ಕೋಲಿ. ಲೆಕ್ಕ ಕೊಟ್ಟು ಒಳಗ ಇಡಬೇಕು, ಕಾಯ್ದೆ ಹಂಗ ಅದ."

"ಕಾಯ್ದೆ ಬಿಡು. ಖರೇ ಹೇಳು."

ಅವನು ನಕ್ಕ. "ಗುಡ್ಡದ ಮ್ಯಾಲಿನ ಪೋಸ್ಟಿನ್ಯಾಗ ಕೋತ್ ಎಲ್ಲಿಂದ ಬರಬೇಕಕ್ಕಾ? ಒಂದ ತಗಡಿನ ಶೆಡ್ಡು. ತುಂಬಿದ ಮ್ಯಾಗಝಿನ್ ಜರ್ಸಿಯಾಗ ಸುತ್ತಿ ಟ್ರಂಕಿನ್ಯಾಗ ಇಡ್ತೀವಿ. ಥಂಡಿ ಹತ್ತಬಾರ್ದು, ಧೂಳ ಹೋಗಬಾರ್ದು."

"ಅಲ್ಲಿ ಗೋಳಿ ಇರ್ತಾವಾ?"

"ಯಾವ ಗೋಳಿ?"

ಅವಳು ಟ್ರಂಕಿನೊಳಗೆ ಬೆರಳು ತೋರಿಸಿದಳು.

"ಎರಡೂ ಇರ್ತಾವ" ಎಂದ ಸಂಘರತ್ನ. "ನನ್ನ ಟ್ರಂಕಷ್ಟ ಅಲ್ಲ. ಎಲ್ಲಾರ ಅವ್ವಂದ್ರೂ ಹಾಕೇ ಕಳಸ್ತಾರ. ತಮಿಳುನಾಡಿನಂವಂದು ಬ್ಯಾರೆ ವಾಸನಿ, ಪಂಜಾಬಿನಂವಂದು ಬ್ಯಾರೆ. ಡಾಂಬರ ಗೋಳಿ ಮಾತ್ರ ಎಲ್ಲಾರದ್ರಾಗೂ ಒಂದ."

"ನಾನೇನ ತಪ್ಪ ಮಾಡಿದೆ?" ಎಂದಳು ಮುಕ್ತಾಬಾಯಿ, ತನ್ನ ಬಗ್ಗೆ ಏನೋ ನಡೆಯುತ್ತಿದೆ ಎನಿಸಿ.

"ಏನೂ ಇಲ್ಲವ್ವ."

ಖರೀದಿದಾರರ ಪಟ್ಟಿ ಆಮ್ರಪಾಲಿಗೆ ಬಾಯಿಪಾಠವಿತ್ತು. ಅದನ್ನು ಬರೆದವರು ಪೆಟ್ರೋಲನ್ನು ಯೋಚಿಸಿದ್ದರು, ಎಣ್ಣೆಯನ್ನು, ಬೆವರನ್ನು, ಸೊಳ್ಳೆಯನ್ನು ಯೋಚಿಸಿದ್ದರು. ತಾಯಂದಿರನ್ನು ಯೋಚಿಸಿರಲಿಲ್ಲ. ಅವಳೂ ಯೋಚಿಸಿರಲಿಲ್ಲ. ಕಾರ್ಖಾನೆಯಲ್ಲಿ ಆ ಒಂದು ಪರೀಕ್ಷೆ ನಡೆದದ್ದು ಓಂಪ್ರಕಾಶರು ಫೋನು ಕೆಳಗಿಡದೆ ಮಾತಾಡಿದ್ದರಿಂದ. ನಗೆ ಬರಬೇಕಿತ್ತು. ಬರಲಿಲ್ಲ. ಅವ್ವ ಮಡಿಚಿಟ್ಟ ಜರ್ಸಿಗಳನ್ನು ಸರಿಸಿ ಸಂಘರತ್ನ ನಡುವೆ ಅಂಗೈ ಅಗಲದ ಜಾಗ ಮಾಡಿದ್ದ, ಒಂದು ಮ್ಯಾಗಝಿನ್ ಹಿಡಿಯುವಷ್ಟು.

ಮರುದಿನ ಅವಳು ನೇರವಾಗಿ ಓಂಪ್ರಕಾಶರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಅವರು ಕೇಳಿಸಿಕೊಂಡರು. ಕೆಟ್ಟ ಮನುಷ್ಯರೇನಲ್ಲ. ಮಷೀನಿನಲ್ಲಿ ಬೆರಳು ಕಳೆದುಕೊಂಡವನನ್ನು ಇಂದಿಗೂ ಬಾಗಿಲ ಕಾವಲಿಗೆ ಇಟ್ಟುಕೊಂಡಿದ್ದವರು.

"ಮುಂದಿನ ಲಾಟ್ ಮಾಲಿಗಿ ದಾಣಾ ಬದಲ ಮಾಡೋಣು" ಎಂದರು ಕೊನೆಗೆ. "ನಾ ಮಾತ ಕೊಡ್ತೇನಿ. ಮೊದಲ ಇದು ಪಾಸ್ ಆಗ್ಲಿ."

"ಈ ಲಾಟ್ ಯಾರ ಟ್ರಂಕಿಗಿ ಹೋಗ್ತದ ಸರ್?"

"ನಿನ್ನ ತಮ್ಮನ ಟ್ರಂಕಿಗಿ ನನ್ನ ಕಂಪನಿ ಉತ್ತರ ಕೊಡಬೇಕಾ?" ದನಿ ಏರಿತು, ಮತ್ತೆ ತಾನೇ ಇಳಿಯಿತು. "ಆ ಪೆಟಗಿ ಗ್ರೈಂಡರಿಗಿ ಹಾಕ್ಸಂತ ಹೇಳಿದ್ನಲ್ಲ. ಆಕಿಗಿ ಹೇಳಿದೇನು?"

"ಇನ್ನಾ ಇಲ್ರಿ."

"ಹೇಳು."

ಅವಳು ಎರಡನ್ನೂ ಮಾಡಲಿಲ್ಲ. ಟ್ರಂಕು ಸ್ಟೋರಿನ ರ‍್ಯಾಕಿನ ಕೆಳಗೆ ಇದ್ದಲ್ಲೇ ಇತ್ತು. ಕಸ್ತೂರಿಬಾಯಿ ದಿನಾ ಬಂದರು, ದಿನಾ ಇದು ಕೊನೆಯ ದಿನ ಎಂಬಂತೆ ಸ್ಟೋರು ಗುಡಿಸಿದರು. ಓಂಪ್ರಕಾಶರು ಅವರನ್ನು ಕಂಡಾಗ ಬೇರೆ ದಾರಿ ಹಿಡಿಯುತ್ತಿದ್ದರು. ತಾವೇ ಹೇಳಬಹುದಿತ್ತು. ಹೇಳಲಿಲ್ಲ.

ತಪಾಸಣೆಗೆ ಬಂದವರ ಹೆಸರು ನಾಗನಾಥ. ಕಲಬುರ್ಗಿ ಕಡೆಯವರು, ಪಡೆಯಲ್ಲಿ ಬಹಳ ವರ್ಷ ಬಂದೂಕು ರಿಪೇರಿ ಮಾಡಿ ಆಮೇಲೆ ಖರೀದಿಯ ಕಡೆಗೆ ಬಂದವರು. ಕಡಿಮೆ ಮಾತು. ಮ್ಯಾಗಝಿನ್ ಕಾಂಕ್ರೀಟಿನ ಮೇಲೆ ಬಿದ್ದದ್ದನ್ನು ನೋಡಿದರು. ಬರಣಿಗಳಿಂದ ತೆಗೆದವನ್ನು ಒರೆಸಿ, ಉಗುರಿನಿಂದ ಗೀರಿ, ಬೆಳಕಿಗೆ ಹಿಡಿದರು. ಸೊಳ್ಳೆ ಔಷಧದ ಬರಣಿಯ ಮುಂದೆ ಮಾತ್ರ, "ಇದ್ರಾಗ ಭಾಳ ಮಂದಿ ಫೇಲ್ ಆಗ್ತಾರ್ರಿ" ಎಂದು ತಲೆಯಾಡಿಸಿದರು. ಓಂಪ್ರಕಾಶರ ಭುಜಗಳು ಒಂದಿಷ್ಟು ಇಳಿದವು.

ಉಳಿದದ್ದು ಟ್ರಂಕು. ಸ್ಟೋರಿನ ಕೀಲಿ ಕಸ್ತೂರಿಬಾಯಿಯ ಸೊಂಟದಲ್ಲಿತ್ತು. ಹೀಗಾಗಿ ಅವರನ್ನು ಕರೆಯಲೇಬೇಕಾಯಿತು. ಮೊದಲ ಟ್ರಂಕು ತೆರೆದರು. ನಾಗನಾಥರು ಒಂದೊಂದನ್ನೇ ಎತ್ತಿ ತುಟಿಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಗಟ್ಟಿ.

"ಆತಲ್ರಿ ಸಾಹೇಬ್ರ?" ಎಂದರು ಓಂಪ್ರಕಾಶ. "ಬರ್ರಿ, ಚಾ ಆಗ್ಯದ."

ನಾಗನಾಥರು ಎದ್ದವರು ಮೂಗೆಳೆದರು. "ಇಲ್ಲಿ ಬಟ್ಟಿ ಇಡ್ತೀರೇನು?"

ಅವರ ಕಣ್ಣು ರ‍್ಯಾಕಿನ ಕೆಳಗೆ ಹೋಯಿತು. "ಆ ಪೆಟಗಿ ಯಾವುದು?"

"ಅದು ಸ್ಕ್ರ್ಯಾಪ್ ರೀ" ಎಂದರು ಓಂಪ್ರಕಾಶ.

ಸ್ಕ್ರ್ಯಾಪ್ ಎಂಬ ಆ ಒಂದು ಮಾತು ಸಾಕಿತ್ತು. ನಾಗನಾಥರು ಬಾಗಿಲ ಕಡೆ ತಿರುಗಿಯೂ ಆಗಿತ್ತು. ಆಮ್ರಪಾಲಿಗೆ ತನ್ನ ದನಿ ತನ್ನದಲ್ಲದಂತೆ ಕೇಳಿಸಿತು: "ಅದೂ ಇದರ ಜೋಡಿನ ಇಟ್ಟಿದ್ದು ರೀ. ಮೌಶಿ, ಅದನ್ನೂ ತಗೀರಿ."

ಕಸ್ತೂರಿಬಾಯಿ ಅಲ್ಲಾಡಲಿಲ್ಲ. ಮುಚ್ಚಳದ ಕೆಳಗಿರುವುದು ಅವರದೇ ತಪ್ಪು. ಅವರು ಸಾವ್ಕಾರರ ಮುಖ ನೋಡಿದರು, ಆಮ್ರಪಾಲಿಯ ಮುಖ ನೋಡಿದರು. ಆಮೇಲೆ ಗೊಂಚಲು ತೆಗೆದು, ಒಂದೊಂದೇ ಕೀಲಿಯನ್ನು ಸರಿಸುತ್ತ, ಬೇಕೆಂದೇ ಎನ್ನುವಷ್ಟು ನಿಧಾನವಾಗಿ ಹುಡುಕಿದರು. ಬೀಗ ತೆರೆಯಿತು.

ನಾಗನಾಥರು ಬಿಳಿಚಿದ ಮ್ಯಾಗಝಿನ್ ಒಂದನ್ನು ಎತ್ತಿಕೊಂಡು ಅದರ ತುಟಿಯ ಮೇಲೆ ಹೆಬ್ಬೆರಳಿಟ್ಟರು. ಚಕ್ಕುಲಿ ಮುರಿದಷ್ಟು ಸಪ್ಪಳ. ಸ್ಪ್ರಿಂಗು ನೂಕಿದ ಡಮ್ಮಿ ಗುಂಡುಗಳು ಹೊರಗೆ ಹಾರಿ, ನೆಲದ ಮೇಲೆ ಉರುಳಿ ರ‍್ಯಾಕಿನ ಕೆಳಗೆ ಹೋದವು.

"ಇದು ಮಾಲಿನ ತಪ್ಪಲ್ರಿ" ಎಂದರು ಓಂಪ್ರಕಾಶ. "ಈ ಹೆಂಗಸಿನ ಗಡಬಡ. ಡಾಂಬರ ಗೋಳಿ ಹಾಕಿಬಿಟ್ಟಾಳ."

"ಯಾಕ ಹಾಕಿದ್ರಿ?" ನಾಗನಾಥರು ಕಸ್ತೂರಿಬಾಯಿಯನ್ನು ಕೇಳಿದರು.

"ಗೋಳಿ ಹಾಕಿ ಇಡ್ರಿ ಅಂದ್ರು. ಬಂದೂಕಿನವು ಒಳಗ ಕಾಣಾಕತ್ತಿದ್ದುವು. ಮತ್ತ ಇವನ್ನ ಹಾಕಿದೆ." ಈ ಸಲ ಅವರ ದನಿ ಸಣ್ಣದಾಗಿತ್ತು. "ಪೆಟಗಿಯಾಗ ಬಟ್ಟಿ ಇಟ್ಟು ಗೋಳಿ ಹಾಕದ ಹ್ಯಾಂಗ ಬಿಡ್ಲಿ ಸಾಹೇಬ್ರ?"

ನಾಗನಾಥರಿಗೆ ನಗು ತಡೆಯಲಾಗಲಿಲ್ಲ. ಮೈ ಅಲುಗಿಸಿ ನಕ್ಕರು. ಓಂಪ್ರಕಾಶರೂ ಆಸೆಯಿಂದ ಜೊತೆಗೂಡಿ ನಕ್ಕರು. ಆದರೆ ನಾಗನಾಥರ ನಗು ನಡುವೆಯೇ ನಿಂತಿತು. ಬಟ್ಟೆಯ ಮಡಿಕೆಯಿಂದ ಒಂದು ಕಿರಿದಾದ ಉಂಡೆಯನ್ನು ತೆಗೆದು ಅಂಗೈಯಲ್ಲಿ ಇಟ್ಟುಕೊಂಡು ನೋಡಿದರು.

"ಹೌದಲ್ಲ" ಎಂದರು. "ಹಾಕದ ಹ್ಯಾಂಗ ಬಿಡ್ತಾರ." ಆಮೇಲೆ ಆಮ್ರಪಾಲಿಗೆ: "ಇದನ್ನ ನೀವು ತೋರಿಸಬೇಕಂತ ಇದ್ದಿದ್ದಿಲ್ಲ."

"ಇದ್ದಿದ್ದಿಲ್ರಿ."

"ಡಬ್ಬಿ ಕರೀದ ಇದ್ದಿದ್ರ ನನಗೂ ಬಿರುಕು ಕಾಣ್ತಿದ್ದಿಲ್ಲ. ಕೈಯಾಗ ಮುರದಾಗ ಗೊತ್ತಾಗ್ತಿತ್ತು." ಉಂಡೆಯನ್ನು ಮೆಲ್ಲಗೆ ಟ್ರಂಕಿನೊಳಗೆ ಇಟ್ಟರು. "ಈ ಲಾಟ್ ನಾ ತಗೊಳ್ಳಾಕ ಬರಲ್ರಿ ಓಂಪ್ರಕಾಶ. ಆರ್ಡರ್ ರದ್ದ ಮಾಡು ಅಂತೂ ಬರಿಯಲ್ಲ. ಬ್ಯಾರೆ ದಾಣಾ ಹಾಕಿ ಮತ್ತ ಮಾಡ್ರಿ, ನೋಡೋಣು. ಮತ್ತ ಪೆಟಗಿ ಈ ಅವ್ವಾರ ಕಡಿಂದನ ಕಟ್ಟಸ್ರಿ. ಹಿಂಗ. ಮನ್ಯಾಗ ಕಟ್ಟಿದಂಗ."

ಚಹ ತಣ್ಣಗಾಗಿತ್ತು. ಅದನ್ನೇ ಕುಡಿದು ಹೋದರು.

ಆಮೇಲಿನದು ಸುಲಭವಾಗಿರಲಿಲ್ಲ. ಎರಡನೇ ಪಾಳಿ ನಿಂತಿತು. ಫಾಜಿಲ್ ನಗುತ್ತಲೇ, ಆದರೆ ಪೂರ್ತಿ ನಗದೆ ಹೇಳಿದ: "ಮೇಡಂ, ಡಾಂಬರ ಗೋಳಿ ಬಂದು ಬಡದದ್ದು ನನ್ನ ಓವರ್‌ಟೈಮಿಗಿ ನೋಡ್ರಿ. ಅಸಲಿ ಗುರಿ ಅದು." ಕೆಲವರು ಅವಳು ಬಂದಾಗ ಮಷೀನಿನ ಕಡೆ ಮುಖ ತಿರುಗಿಸುತ್ತಿದ್ದರು. ಓಂಪ್ರಕಾಶರು ಒಂದು ವಾರ ಅವಳನ್ನು ಕರೆಯಲಿಲ್ಲ. ಕರೆದ ದಿನ ಮೇಜಿನ ಮೇಲೆ ಮ್ಯಾಗಝಿನ್ ಇರಲಿಲ್ಲ.

"ನಿನ್ನ ತಮ್ಮ ಫೌಜಿನ್ಯಾಗ ಇರದಿದ್ರ ಹಿಂಗ ಮಾಡ್ತಿದ್ದೇನು?"

ಅವಳು ಯೋಚಿಸಿದಳು. ಹೌದು ಎನ್ನುವುದು ಸುಲಭವಿತ್ತು. "ಗೊತ್ತಿಲ್ರಿ ಸರ್" ಎಂದಳು. "ಅವ ಇರದಿದ್ರ ಟ್ರಂಕಿನ್ಯಾಗ ಏನ ಇಡ್ತಾರ ಅಂಬೋದ ನನಗ ಗೊತ್ತಾಗ್ತಿದ್ದಿಲ್ಲ. ಮೌಶಿಗಿ ಬರಬ್ಯಾಡ ಅಂತ ಹೇಳಿಬಿಡ್ತಿದ್ದೆನೋ ಏನೋ."

ಓಂಪ್ರಕಾಶರು ಕಿಟಕಿಯ ಕಡೆ ತಿರುಗಿದರು. "ಆಕಿಗಿ ಬರಬ್ಯಾಡ ಅಂತ ಹೇಳಬ್ಯಾಡ" ಎಂದರು.

ಹೊಸ ದಾಣಾ ದೀಪಾವಳಿ ಕಳೆದ ಮೇಲೆ ಬಂತು. ಮೊದಲಿನದಕ್ಕಿಂತ ತುಸು ಹಳದಿ, ತುಸು ಮಬ್ಬು. ಬೆಳಕಿಗೆ ಹಿಡಿದರೆ ಗುಂಡುಗಳು ಮಂಜಿನಾಚೆ ಇದ್ದಂತೆ ಕಾಣುತ್ತಿದ್ದವು. ಕಾಣುತ್ತಿದ್ದವು, ಅಷ್ಟೇ. ಪೆಟ್ರೋಲು, ಬೆವರು, ಸೊಳ್ಳೆ ಔಷಧ ಎಲ್ಲ ಮತ್ತೆ ಮೊದಲಿನಿಂದ. ಗೋಡೆಯ ಬರಣಿಗಳ ಸಾಲಿಗೆ ಇನ್ನೊಂದು ಸೇರಿತ್ತು. ಅದರಲ್ಲಿ ನೀರೂ ಇಲ್ಲ, ಎಣ್ಣೆಯೂ ಇಲ್ಲ, ತಳದಲ್ಲಿ ಒಂದು ಹಿಡಿ ಬಿಳಿ ಉಂಡೆಗಳು ಮಾತ್ರ.

ಟ್ರಂಕು ಕಟ್ಟುವ ದಿನ ಆಮ್ರಪಾಲಿ ಡಮ್ಮಿ ಗುಂಡು ತುಂಬಿದಳು. ಕಸ್ತೂರಿಬಾಯಿ ಮನೆಯಿಂದ ತಂದ ಹಳೆಯ ಶಾಲಿನಲ್ಲಿ ಒಂದೊಂದನ್ನೂ ಕೂಸಿನ ಹಾಗೆ ಸುತ್ತಿದರು. ಓಂಪ್ರಕಾಶರು ಬಾಗಿಲಲ್ಲಿ ಬಂದು ನಿಂತರು, ಫೋನು ಕಿವಿಯಲ್ಲೇ ಇತ್ತು.

"ಕಸ್ತೂರಿಬಾಯಿ, ಗೋಳಿ ಹಾ..."

ಕಸ್ತೂರಿಬಾಯಿ ಸುತ್ತುವುದನ್ನು ನಿಲ್ಲಿಸಿ ತಲೆಯೆತ್ತಿದರು.

"ಯಾವ ಗೋಳಿ ರೀ ಸಾವ್ಕಾರ್ರ?"

ಓಂಪ್ರಕಾಶರು ಫೋನನ್ನು ಕಿವಿಯಿಂದ ತೆಗೆದರು. ಅತ್ತ ಕಡೆಯವರು ಹಲೋ ಹಲೋ ಎನ್ನುತ್ತಿರುವುದು ಎಲ್ಲರಿಗೂ ಕೇಳಿಸುತ್ತಿತ್ತು.

"ಎರಡೂ" ಎಂದರು.

ಕಸ್ತೂರಿಬಾಯಿ ಮಡಿಕೆಗೆ ಎರಡೆರಡರಂತೆ ಡಾಂಬರ ಗೋಳಿ ಇಟ್ಟರು, ಮುಚ್ಚಳ ಒತ್ತಿ ಹಿಡಿದು ಬೀಗ ಹಾಕಿದರು, ಕೈಯಿಂದ ಎಳೆದು ನೋಡಿದರು. ಈ ದಾಣಾ ತಾಳುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಯುಗಾದಿಯವರೆಗೆ ಗೊತ್ತಾಗುವಂತೆಯೂ ಇರಲಿಲ್ಲ. ಅವರು ಎದ್ದು, ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸಪ್ಪಳ ಮಾಡುತ್ತ ಸ್ಟೋರಿನ ಒಳಗೆ ಹೋದರು.